ಮಕ್ಕಳಾಗಲಿಲ್ಲವೇ? ಫೈಲು ಇಬ್ಬರ ಹೆಸರಲ್ಲೂ ಇರಲಿ

‘ದಾದ ವಿಶೇಷ?’ ಎಂದು ತುಳುವಿನಲ್ಲಿ ಕೇಳುವುದು ನಮ್ಮ ಕಡೆ ಬರೀ ಕುಶಲೋಪರಿ. ಮದುವೆಯಾಗಿ ಎರಡು ವರ್ಷ ದಾಟಿದ ಹೆಣ್ಣಿಗೆ ಮಾತ್ರ ಅದು ಚುಚ್ಚುತ್ತದೆ. ನನ್ನ ಚಿಕ್ಕಮ್ಮನ ಸೊಸೆ ಇದನ್ನು ಕೇಳಿ ಕೇಳಿ ಸಾಕಾಗಿ ಒಬ್ಬಳೇ ಡಾಕ್ಟರ ಬಳಿ ಹೋದಳು. ಮೂರು ವರ್ಷದಲ್ಲಿ ಅವಳ ರಿಪೋರ್ಟುಗಳು ಜವಳಿ ಅಂಗಡಿಯ ಚೀಲ ತುಂಬುವಷ್ಟಾದವು: ಸ್ಕ್ಯಾನಿಂಗ್, ಥೈರಾಯ್ಡ್, ಹಾರ್ಮೋನು, ಮತ್ತೆ ಸ್ಕ್ಯಾನಿಂಗ್. ಗಂಡನ ಹೆಸರಿನ ಒಂದೇ ಒಂದು ಚೀಟಿ ಅದರಲ್ಲಿ ಇರಲಿಲ್ಲ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಅವನ ವೀರ್ಯಾಣುಗಳ ಎಣಿಕೆಯಲ್ಲಿ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಪಾಲೂ ಇರುತ್ತದೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರಕ್ಕೆ, ಆಶ್ಲೇಷಾ ಬಲಿಗೆ ಗಂಡ ಹೆಂಡತಿ ಜೊತೆಯಾಗಿಯೇ ಕೂರುತ್ತಾರೆ. ಲ್ಯಾಬಿನ ಬೆಂಚಿನ ಮೇಲೆ ಮಾತ್ರ ಹೆಂಡತಿ ಒಬ್ಬಳೇ. ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಯಾವಾಗ ಹೋಗಬೇಕು?

ಗರ್ಭನಿರೋಧಕ ಇಲ್ಲದೆ ಒಂದು ವರ್ಷ ಒಟ್ಟಿಗೆ ಬಾಳಿಯೂ ಗರ್ಭ ನಿಲ್ಲದಿದ್ದರೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು, 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಏರುಪೇರಾಗುತ್ತಿದ್ದರೆ, ಆ ದಿನಗಳಲ್ಲಿ ಏಳಲಾಗದಷ್ಟು ನೋವಿದ್ದರೆ, ಇಬ್ಬರಲ್ಲಿ ಯಾರಿಗಾದರೂ ಹಿಂದೆ ಕ್ಷಯ ಬಂದಿದ್ದರೆ ಆಗಲೂ ವರ್ಷ ಎಣಿಸಬೇಡಿ.

ಈ ಲೆಕ್ಕ ನಮ್ಮ ಕರಾವಳಿಯಲ್ಲಿ ಹಲವರಿಗೆ ತಾಳೆಯಾಗುವುದಿಲ್ಲ. ಗಂಡ ದುಬೈಯಲ್ಲೋ ಮಸ್ಕತ್‌ನಲ್ಲೋ ಇದ್ದು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದರೆ, ಮದುವೆಯಾಗಿ ನಾಲ್ಕು ವರ್ಷವಾದರೂ ಒಟ್ಟಿಗೆ ಇದ್ದದ್ದು ನಾಲ್ಕು ತಿಂಗಳು. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವವರ ಮನೆಯದೂ ಹೆಚ್ಚುಕಡಿಮೆ ಇದೇ ಕತೆ. ಡಾಕ್ಟರಿಗೆ ‘ಮದುವೆಯಾಗಿ ಎಷ್ಟು ವರ್ಷ’ ಎಂಬುದರ ಜೊತೆಗೆ ‘ಒಟ್ಟಿಗೆ ಎಷ್ಟು ತಿಂಗಳು’ ಎಂಬುದನ್ನೂ ಹೇಳಿ. ಗಂಡ ಊರಿಗೆ ಬಂದ ಮೊದಲ ವಾರದಲ್ಲೇ ಅವನ ಪರೀಕ್ಷೆ ಮುಗಿಸಿ. ಬೇಕಾದರೆ ಲಿಖಿತ ಒಪ್ಪಿಗೆ ಕೊಟ್ಟು ವೀರ್ಯವನ್ನು ಶೈತ್ಯೀಕರಿಸಿಟ್ಟು ಹೋಗುವ ದಾರಿಯೂ ಇದೆ.

ಮೊದಲು ಕ್ಯಾಲೆಂಡರ್

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಎಲ್ಲ ಇರುತ್ತವೆ. ಅದರಲ್ಲೇ ಮುಟ್ಟಾದ ಮೊದಲ ದಿನಕ್ಕೊಂದು ಸುತ್ತು ಹಾಕಿ. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 14ನೇ ದಿನ. 35 ದಿನಕ್ಕೊಮ್ಮೆ ಆಗುವವರಿಗೆ 21ನೇ ದಿನದ ಹೊತ್ತಿಗೆ. ಎಲ್ಲರಿಗೂ 14 ಎಂದು ನಂಬಿ ತಿಂಗಳುಗಳನ್ನು ಕಳೆದವರಿದ್ದಾರೆ. ಅಂಡ ಒಂದು ದಿನ ಬದುಕಿದರೆ ವೀರ್ಯಾಣು ಐದು ದಿನದವರೆಗೂ ಉಳಿಯಬಲ್ಲದು. ಆ ವಾರ ದಿನ ಬಿಟ್ಟು ದಿನ ಸೇರಿದರೆ ಸಾಕು. ಹೆಂಡತಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಿನಿಂದಲೇ ಶುರುವಾಗಲಿ.

ಗಂಡನ ಪರೀಕ್ಷೆ

ಅಗ್ಗದ್ದು, ನೋವಿಲ್ಲದ್ದು, ಆದರೂ ಎಲ್ಲಕ್ಕಿಂತ ಕೊನೆಗೆ ಉಳಿಯುವುದು ಇದೇ. ಎರಡರಿಂದ ಏಳು ದಿನ ಸಂಯಮವಿರಬೇಕು. ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಸಂಗ್ರಹಿಸಬೇಕು, ಸೋಪು ಎಣ್ಣೆ ತಾಗಬಾರದು. ಮನೆಯಿಂದ ತರುವುದಾದರೆ ಅಂಗಿಯ ಒಳಗೆ ಮೈಗೆ ತಾಗಿಸಿ ಇಟ್ಟುಕೊಂಡು ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಐಸ್ ಬೇಡವೇ ಬೇಡ. ಕಾರ್ಕಳದವರು ಮಂಗಳೂರಿಗೆ ಬಸ್ಸಿನಲ್ಲಿ ತಂದರೆ ಗಂಟೆ ಮೀರುತ್ತದೆ ಮಾರಾಯ್ರೇ, ಲ್ಯಾಬಿನಲ್ಲೇ ಪ್ರತ್ಯೇಕ ಕೋಣೆ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಎಣಿಕೆಯ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ. ಒಮ್ಮೆ ಕಡಿಮೆ ಬಂದರೆ ಕಂಗೆಡಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಹಾಗಾಗಿ ಸುಮಾರು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಜಿಮ್‌ನಲ್ಲಿ ಕೊಡುವ ಸ್ಟಿರಾಯ್ಡ್, ಬೀಡಿ ಸಿಗರೇಟು, ಬಾಯ್ಲರ್ ಪಕ್ಕದ ಸೆಕೆ ಎಲ್ಲವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು.

ಹೆಂಡತಿಯ ಪರೀಕ್ಷೆ

ಥೈರಾಯ್ಡಿಗೆ ಟಿಎಸ್‌ಎಚ್ ರಕ್ತಪರೀಕ್ಷೆ, ಒಂದು ಸ್ಕ್ಯಾನ್, ಅಂಡ ಬಿಡುಗಡೆಯಾಗುತ್ತಿದೆಯೇ ಎಂದು ತಿಳಿಯಲು ಪ್ರೊಜೆಸ್ಟರಾನ್ ಹಾರ್ಮೋನಿನ ರಕ್ತಪರೀಕ್ಷೆ. ಈ ಕೊನೆಯದಕ್ಕೆ ‘21ನೇ ದಿನ ಬನ್ನಿ’ ಎನ್ನುತ್ತಾರೆ. ನಿಮ್ಮದು 35 ದಿನದ ಚಕ್ರವಾದರೆ 28ನೇ ದಿನ ಹೋಗಬೇಕು. ಕ್ಯಾಲೆಂಡರ್ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು ಆಗಬೇಕು. ಮುಟ್ಟಿನ ನೋವಿನಂಥದೇ ನೋವು ಬರುತ್ತದೆ, ನೋವಿನ ಮಾತ್ರೆ ಮೊದಲೇ ಕೇಳಿ. ನಾಳ ಮುಚ್ಚಿಹೋಗಲು ನಮ್ಮ ದೇಶದಲ್ಲಿ ಜನನಾಂಗದ ಕ್ಷಯವೂ ಒಂದು ಮುಖ್ಯ ಕಾರಣ. ಅದಕ್ಕೆ ಕೆಮ್ಮು ಇರಲೇಬೇಕೆಂದಿಲ್ಲ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಎಎಂಎಚ್ ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಕಡಿಮೆ ಬಂದದ್ದು ನೋಡಿ ಅತ್ತವರು ಬಹಳ. ಅದು ಅಂಡಗಳ ದಾಸ್ತಾನಿನ ಅಂದಾಜು ಹೇಳುತ್ತದೆ ಅಷ್ಟೇ, ಸಹಜವಾಗಿ ಗರ್ಭ ನಿಲ್ಲುವುದೇ ಇಲ್ಲ ಎಂದು ಹೇಳುವುದಿಲ್ಲ. ಆ ಒಂದು ಅಂಕಿ ತೋರಿಸಿ ‘ನಾಳೆಯೇ ಐವಿಎಫ್’ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಎಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯಿರಿ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ ಎಷ್ಟೋ ಮಂದಿಗೆ ಅಂಡ ಬಿಡುಗಡೆಗೆ ನೆರವಾಗುವ ಲೆಟ್ರೊಜೋಲ್ ಮಾತ್ರೆಯಿಂದಲೇ ಕೆಲಸವಾಗುತ್ತದೆ.

ದುಡ್ಡು, ಬಸ್ಸು

ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಂಜೆತನದ ಚಿಕಿತ್ಸೆ ಸೇರಿಲ್ಲ. ಖಾಸಗಿ ವಿಮೆಗಳಲ್ಲೂ ಸಾಮಾನ್ಯವಾಗಿ ಅದು ಹೊರಗೇ. ಆದ್ದರಿಂದ ಮಂಗಳೂರಿನ ಲೇಡಿ ಗೋಶನ್, ಉಡುಪಿಯ ಹಾಜಿ ಅಬ್ದುಲ್ಲಾ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗದಲ್ಲಿ ಮೊದಲ ತಪಾಸಣೆ ಮಾಡಿಸಿ, ಯಾವ ಪರೀಕ್ಷೆ ಅಲ್ಲೇ ಆಗುತ್ತದೆ ಎಂದು ಕೇಳಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ನಮ್ಮ ಜಿಲ್ಲೆಗಳಲ್ಲಿ ಆರು ಸಲ ಸ್ಕ್ಯಾನಿಂಗಿಗೆ ಓಡಾಡುವ ಟಿಕೆಟ್ಟಿನ ದುಡ್ಡು, ತಪ್ಪಿದ ದಿನಗೂಲಿ ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಐವಿಎಫ್ ಮಾಡಿಸಿ ಎಂದರೆ

ಇಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆಯಂತೆ ಐವಿಎಫ್ ಕೇಂದ್ರ ನೋಂದಣಿಯಾಗಿರಬೇಕು. ಪ್ರಮಾಣಪತ್ರ ಕೇಳಿ ನೋಡಿ. ಹೆಂಗಸಿಗೆ 50, ಗಂಡಸಿಗೆ 55 ವಯೋಮಿತಿ. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ ಎಲ್ಲವನ್ನೂ ತಿಳಿಸುವುದು ಅವರ ಕರ್ತವ್ಯ. ‘ನೂರಕ್ಕೆ ಎಷ್ಟು ಗರ್ಭಪರೀಕ್ಷೆ ಪಾಸಿಟಿವ್’ ಎಂದು ಕೇಳಬೇಡಿ. ‘ನನ್ನ ವಯಸ್ಸಿನವರಲ್ಲಿ, ಚಿಕಿತ್ಸೆ ಶುರು ಮಾಡಿದ ನೂರರಲ್ಲಿ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋದರು?’ ಎಂದು ಕೇಳಿ. ಅಂಡ ಬೆಳೆಸುವ ಇಂಜೆಕ್ಷನ್, ಭ್ರೂಣ ಶೈತ್ಯೀಕರಣ, ಅದನ್ನು ಇಟ್ಟುಕೊಳ್ಳುವ ವರ್ಷದ ಬಾಡಿಗೆ ಪ್ಯಾಕೇಜಿನ ಒಳಗಿದೆಯೇ ಎಂದು ಬರೆಸಿಕೊಳ್ಳಿ.

ಇನ್ನೊಂದು. ಇಂಜೆಕ್ಷನ್‌ಗಳ ಬಳಿಕ ಹೊಟ್ಟೆ ಉಬ್ಬಿ ಬಿಗಿಯಾದರೆ, ಮೂತ್ರ ಕಡಿಮೆಯಾದರೆ, ತೂಕ ದಿಢೀರನೆ ಏರಿದರೆ, ಉಸಿರು ಕಟ್ಟಿದಂತಾದರೆ ಬೆಳಗಾಗುವವರೆಗೆ ಕಾಯಬಾರದು. ಬೈಂದೂರು, ಸುಳ್ಯದಂಥ ದೂರದ ಊರಿನವರು ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ರಾತ್ರಿ ಎತ್ತುವ ನಂಬರ್ ಯಾವುದೆಂದು ಕೇಳಿ, ಗಂಡನ ಫೋನಿನಲ್ಲೂ ಸೇವ್ ಮಾಡಿಸಿ.