ಬ್ಲೀಚಿಂಗ್ ಡಬ್ಬ ಬದಿಗಿಟ್ಟ ಮೇಲೆ ಮೊಸರು ವಾಪಸ್ ಬರುವುದು ತಗ್ಗಿತು

ಮೊಸರಿನ ಪ್ಯಾಕೆಟ್ ಊದಿಕೊಂಡು ವಾಪಸ್ ಬಂದರೆ ಹೊಟ್ಟೆ ಹೇಗೆ ಉರಿಯುತ್ತದೆ ಅಂತ ಈ ಕಸುಬಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಘಟಕ ಮಂಡ್ಯ–ಮದ್ದೂರು ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ದಿನಕ್ಕೆ ಸುಮಾರು 800 ಲೀಟರ್ ಹಾಲು. ಎರಡು ಬೇಸಿಗೆ ಹಿಂದೆ ವಾರಕ್ಕೆ ಹೆಚ್ಚುಕಮ್ಮಿ 6,000 ರೂಪಾಯಿ ಮಾಲು ತಿಪ್ಪೆ ಸೇರುತ್ತಿತ್ತು.

ಕೇಳಿದವರೆಲ್ಲ ಹೇಳಿದ್ದು ಒಂದೇ: ಟ್ಯಾಂಕು, ಪೈಪು ತೊಳೆಯುವಾಗ ಬ್ಲೀಚಿಂಗ್ ಜಾಸ್ತಿ ಮಾಡು. ಮಾಡಿದೆ. 200 ಪಿಪಿಎಂ (ಲೀಟರ್ ನೀರಿಗೆ 200 ಮಿಲಿಗ್ರಾಂ ಕ್ಲೋರಿನ್) ಸಾಕಿದ್ದಲ್ಲಿ ಕಣ್ಣಂದಾಜಿಗೆ ನಾಲ್ಕು ಪಟ್ಟು ಹಾಕಿ ರಾತ್ರಿಯಿಡೀ ಟ್ಯಾಂಕಿನಲ್ಲೇ ಬಿಟ್ಟೆ. ಮೂರು ತಿಂಗಳಿಗೆ 304 ದರ್ಜೆಯ ಸ್ಟೀಲ್ ಟ್ಯಾಂಕಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು. ಪಾಲಿಶ್‌ಗೆ 14 ಸಾವಿರ ಹೋಯಿತು. ಪ್ಯಾಕೆಟ್ ಮಾತ್ರ ಊದುತ್ತಲೇ ಇತ್ತು.

ಒಂದು ದಿನ ಪ್ಯಾಕಿಂಗ್‌ಗೆ ಬರುವ ಹೆಣ್ಣುಮಗಳು, "ಅಣ್ಣೋ, ಈ ವಾಲ್ವ್ ಯಾಕೆ ಹಿಂಗ್ ನಾರ್ತದೆ?" ಅಂದಳು. ಟ್ಯಾಂಕಿನ ಬಾಯಿಯ ಬಟರ್‌ಫ್ಲೈ ವಾಲ್ವ್ ಬಿಚ್ಚಿ ಟಾರ್ಚ್ ಹಾಕಿದೆ. ಗ್ಯಾಸ್ಕೆಟ್ (ರಬ್ಬರ್ ಬಳೆ) ಹಿಂದೆ ಹಳದಿ ಲೋಳೆ. ಉಗುರಲ್ಲಿ ಕೆರೆದರೆ ಹಳೇ ಬೆಣ್ಣೆ ಥರ ಎದ್ದು ಬಂತು. ಆ ವಾಸನೆ ಸಂಜೆವರೆಗೂ ಕೈ ಬಿಡಲಿಲ್ಲ. ಆ ಕೊಳೆಯ ಮೇಲೆ ಎಷ್ಟು ಕ್ಲೋರಿನ್ ಸುರಿದರೂ ಅದನ್ನು ಕೊಳೆಯೇ ತಿಂದು ಮುಗಿಸುತ್ತಿತ್ತು. ನಾನು ಹಣವನ್ನು ಚರಂಡಿಗೆ ಬಿಡುತ್ತಿದ್ದೆ, ಅಷ್ಟೇ.

ಇನ್ನೊಂದು ತಪ್ಪು ಮೊದಲ ನೀರಿನಲ್ಲಿತ್ತು. ಚೆನ್ನಾಗಿ ತೊಳೆಯಲಿ ಅಂತ ಕುದಿಯುವ ನೀರನ್ನೇ ಹುಯ್ಯುತ್ತಿದ್ದೆವು. ಹಾಲಿನ ಪ್ರೋಟೀನ್ ಅಲ್ಲೇ ಬೆಂದು ಗೋಡೆಗೆ ಅಂಟುತ್ತಿತ್ತು. ಈಗ ಮೊದಲ ನೀರು 40 ಡಿಗ್ರಿ, ಮೈಗೆ ಹುಯ್ದುಕೊಳ್ಳುವಷ್ಟು ಬಿಸಿ. ನೀರು ತಿಳಿಯಾಗುವವರೆಗೆ ಬಿಟ್ಟು, ಆಮೇಲೆ ಒಂದು–ಒಂದೂವರೆ ಪರ್ಸೆಂಟ್ ಕಾಸ್ಟಿಕ್ ಸೋಡಾ, 75 ಡಿಗ್ರಿಯಲ್ಲಿ 20 ನಿಮಿಷ ಸುತ್ತಿಸುತ್ತೇನೆ.

ಸುತ್ತಿಸುವುದಕ್ಕೆ ಒಂದು ಕಂಪನಿಯವರು ಆಟೋಮ್ಯಾಟಿಕ್ ಸಿಐಪಿಗೆ (ಬಿಚ್ಚದೆ ಒಳಗೇ ತೊಳೆಯುವ ವ್ಯವಸ್ಥೆಗೆ) ಏಳು ಲಕ್ಷ ಕೇಳಿದರು. ಶ್ರೀರಂಗಪಟ್ಟಣದಲ್ಲಿ ಖೋವಾ ಮಾಡುವ ನಮ್ಮ ಭಾವ ಬಂದು ನೋಡಿ, "ಏನ್ಲಾ, ಹಾಲು ಕಾಯಿಸ್ತಿಯೋ, ಬರೀ ನೀರು ಕಾಯಿಸ್ತಿಯೋ?" ಅಂತ ನಕ್ಕರು. ಹಳೇ ಸ್ಟೀಲ್ ಟ್ಯಾಂಕು ಎರಡು, ಸೆಕೆಂಡ್ ಹ್ಯಾಂಡ್ 2 ಎಚ್‌ಪಿ ಪಂಪು, ವೆಲ್ಡಿಂಗು, ಎಲ್ಲಾ ಸೇರಿ 48 ಸಾವಿರದೊಳಗೆ ಮುಗಿಸಿದೆ. ಮೊದಲು ಇದ್ದ ಅರ್ಧ ಎಚ್‌ಪಿ ಪಂಪಿನಲ್ಲಿ ಆಗಲಿಲ್ಲ. ಪೈಪಿನೊಳಗೆ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ಓಡಬೇಕು, ನಮ್ಮದು ತೆವಳುತ್ತಿತ್ತು.

ಆಸಿಡ್ ವಾರಕ್ಕೊಮ್ಮೆ ಸಾಕು ಅನ್ನುತ್ತಾರೆ. ನಮ್ಮ ಬೋರ್‌ವೆಲ್ ನೀರಿಗೆ ಸಾಲದು, ಅಷ್ಟು ಗಡಸು; ಸ್ಟೀಲಿನ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ಮೂರು ದಿನಕ್ಕೊಮ್ಮೆ ಮುಕ್ಕಾಲು ಪರ್ಸೆಂಟ್ ನೈಟ್ರಿಕ್, 60 ಡಿಗ್ರಿ. ಆಮೇಲೆ ಆ ಬಿಳಿ ಪೊರೆ ಮತ್ತೆ ಕಾಣಲಿಲ್ಲ. ಒಂದು ಸಲ ಆಸಿಡ್ ಪೂರ್ತಿ ತೊಳೆಯದೆ ಹೈಪೋ (ಕ್ಲೋರಿನ್ ದ್ರಾವಣ) ಬಿಟ್ಟು, ಹಸಿರು ಹೊಗೆ ಎದ್ದು, ಕೆಮ್ಮುತ್ತಾ ಅಂಗಳಕ್ಕೆ ಓಡಿದ್ದೇನೆ. ಅವೆರಡನ್ನು ಇಡುವ ಕೋಣೆಯೇ ಈಗ ಬೇರೆ.

ನಡುವೆ ಹುಚ್ಚು ಪ್ರಯೋಗಗಳೂ ನಡೆದವು. ಅಂಟುವಾಳದ ನೀರು ಸುತ್ತಿಸಿದೆ. ನೊರೆ ಎದ್ದು ಪಂಪು ಗಾಳಿ ಎಳೆದುಕೊಂಡು ಕಿರುಚಿತು. ಹುಳಿ ಮಜ್ಜಿಗೆಯನ್ನು ಎರಡು ರಾತ್ರಿ ಟ್ಯಾಂಕಿನಲ್ಲಿಟ್ಟೆ. ಮಿಲ್ಕ್ ಸ್ಟೋನ್ (ಗೋಡೆಗೆ ಗಟ್ಟಿಯಾಗಿ ಕಟ್ಟಿದ ಹಾಲಿನ ಪದರ) ಸ್ವಲ್ಪ ಸಡಿಲವಾಯಿತು, ಆದರೆ ಮಜ್ಜಿಗೆಯ ವಾಸನೆ ತೆಗೆಯಲು ಮತ್ತೆ ಕಾಸ್ಟಿಕ್ಕೇ ಬೇಕಾಯಿತು.

ವಾಲ್ವ್‌ಗಳನ್ನು ದಿನಾ ಬಿಚ್ಚಿ ಬ್ರಶ್ ಹಾಕುತ್ತೇವೆ, 25 ನಿಮಿಷದ ಕೆಲಸ. ಗ್ಯಾಸ್ಕೆಟ್ ಯಾವುದರಲ್ಲಿ ನೆನೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕೊನೆಯ ನೀರಿಗೆ ಒಂದು ಹನಿ ಫಿನಾಲ್ಫ್ತಲೀನ್ ಬಿಡುತ್ತೇನೆ, ಗುಲಾಬಿ ಬಣ್ಣ ಬಂದರೆ ಕಾಸ್ಟಿಕ್ ಇನ್ನೂ ಇದೆ ಅಂತ. ಕ್ಲೋರಿನ್ ಬೆಳಿಗ್ಗೆ ಹಾಲು ಬಿಡುವ ಮುಂಚೆ ಮಾತ್ರ, ತಣ್ಣೀರಲ್ಲಿ 100 ಪಿಪಿಎಂ, ಹತ್ತೇ ನಿಮಿಷ.

ಈ ಏಪ್ರಿಲ್ ಪೂರ್ತಿ ವಾಪಸ್ ಬಂದದ್ದು ನಲವತ್ತು ಪ್ಯಾಕೆಟ್ಟೋ ಏನೋ. ಅದರಲ್ಲೂ ಮುಕ್ಕಾಲು ಪಾಲು ಒಂದೇ ಅಂಗಡಿಯದು, ಅವರು ರಾತ್ರಿ ಫ್ರಿಜ್ ಆಫ್ ಮಾಡುತ್ತಾರೆ. ಹೋದ ವಾರ ಭಾವ ಫೋನ್ ಮಾಡಿ, ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ ಕೇಳಿದರು: "ಆ ಪಂಪು ಎಲ್ಲಿ ತಂದ್ಯಲಾ?"