ಕೋಳಿ ಆವರಣವನ್ನು ಬೇರೆಯವರ ಕೈಲಿ ಕಟ್ಟಿಸುವಾಗ: ನನ್ನ ಅನುಭವ

ವೆಲ್ಡಿಂಗ್ ಕೆಲಸದವರಿಗೆ ಕಬ್ಬಿಣ ಗೊತ್ತಿರುತ್ತದೆ, ಮುಂಗುಸಿ ಗೊತ್ತಿರಬೇಕಾಗಿಲ್ಲ. ‘ಕೋಳಿಗೊಂದು ಜಾಲರಿ ಮನೆ ಮಾಡಿಕೊಡಿ’ ಎಂದಷ್ಟೇ ಹೇಳಿದರೆ ಕೋಳಿ ಹೊರಗೆ ಹೋಗದ ಹಾಗೆ ಮಾಡಿಕೊಡುತ್ತಾರೆ. ನಮಗೆ ಬೇಕಿರುವುದು ಹೊರಗಿನದು ಒಳಗೆ ಬಾರದ ಹಾಗೆ. ಇದಕ್ಕಾಗಿ ಮಾತಿನ ಬದಲು ಅಳತೆಯ ಚೀಟಿ ಬರೆದುಕೊಟ್ಟೆ. ಅದರ ಮೊದಲ ಸಾಲು: 12 ಮಿ.ಮೀ. ಸರಳಿನ ತುದಿ ತೂರುವಂಥ ಸಂದಿ ಎಲ್ಲೂ ಇರಕೂಡದು. ಕಟ್ಟಡಕ್ಕೆ ಬಳಸುವ ಸರಳಿನ ಗೇಣುದ್ದ ತುಂಡೊಂದನ್ನು ಚೀಟಿಯ ಜೊತೆಗೇ ಕೈಗಿಟ್ಟೆ. ಅರ್ಧ ಇಂಚಿನ ಜಾಲರಿ ಕಣ್ಣಿಗೆ ಅದು ಹೋಗುವುದಿಲ್ಲ. ಅದು ಹೋಗುವ ಜಾಗದಲ್ಲಿ ಕೆಲಸ ಬಾಕಿ ಇದೆ ಎಂದರ್ಥ. ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಜಾಲರಿಯನ್ನು ನಾನೇ ಕೊಂಡು ತಂದೆ. ಷಟ್ಕೋನ ಕಣ್ಣಿನ ‘ಕೋಳಿ ಜಾಲರಿ’ ಹೆಸರಿಗಷ್ಟೇ ಕೋಳಿಯದು. ಅದು ತಿರುಚಿದ ತೆಳು ತಂತಿ, ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ, ಇಲಿಗೆ ಅದರ ಕಣ್ಣೇ ಬಾಗಿಲು. ಬೇಕಾದದ್ದು ಅರ್ಧ ಇಂಚು ಚೌಕದ ವೆಲ್ಡ್ ಮೆಶ್, ತಂತಿ ಕನಿಷ್ಠ 1 ಮಿ.ಮೀ., ಅಂದರೆ 19 ಗೇಜ್. ವೆಲ್ಡ್ ಆದ ಮೇಲೆ ಸತು ಲೇಪಿಸಿದ್ದನ್ನೇ ಕೇಳಿ, ಕೂಡುಬಿಂದುಗಳು ಬೇಗ ತುಕ್ಕು ಹಿಡಿಯುವುದಿಲ್ಲ. ಬೀದಿನಾಯಿ ಓಡಾಡುವ ಜಾಗವಾದರೆ ಕೆಳಗಿನ ಎರಡೂವರೆ ಅಡಿಗೆ ಹೊರಗಿನಿಂದ 2 ಇಂಚು ಕಣ್ಣಿನ, 3 ಮಿ.ಮೀ. ತಂತಿಯ ಇನ್ನೊಂದು ಪದರ ಬೇಕು. ಅರ್ಧ ಇಂಚಿನದರಲ್ಲೂ ಹಾವಿನ ಮರಿ, ಚಿಕ್ಕ ಇಲಿ ನುಸುಳಬಲ್ಲವು. ಆದ್ದರಿಂದ ಮರಿಗಳ ಗೂಡಿಗೆ ಮಾತ್ರ ಕಾಲಿಂಚಿನದು.

ಆವರಣ 10 ಅಡಿ ಅಗಲ, 20 ಅಡಿ ಉದ್ದ. ಒಂದು ಕೋಳಿಗೆ 10 ಚದರಡಿಯಂತೆ 20 ಕೋಳಿಗೆ ಸಾಕು. ಎತ್ತರವನ್ನು ಜಾಲರಿಯ ಅಗಲ ನೋಡಿಯೇ ಗೊತ್ತುಮಾಡಿದೆ. 4 ಅಡಿ ಅಗಲದ ಸುರುಳಿಯಲ್ಲಿ ಒಂದೂವರೆ ಅಡಿ ನೆಲದ ಮೇಲೆ ಹೊರಕ್ಕೆ ಚಾಚಿ, ಉಳಿದ ಎರಡೂವರೆ ಅಡಿ ಗೋಡೆಗೆ ಏರುತ್ತದೆ. ಅದರ ಮೇಲೆ ಇನ್ನೊಂದು 4 ಅಡಿ ಪಟ್ಟಿ. ನಡುವೆ 2 ಇಂಚು ಒಂದರ ಮೇಲೊಂದು ಬಂದರೆ ಎತ್ತರ 6 ಅಡಿ 4 ಇಂಚು. ಹೀಗೆ ಮಾಡಿದರೆ ನೆಲಮಟ್ಟದಲ್ಲಿ ಜೋಡಣೆಯೇ ಇರುವುದಿಲ್ಲ, ಪ್ರಾಣಿ ಮೂತಿ ತೂರಿಸಿ ಹುಡುಕುವುದು ಅಲ್ಲಿಯೇ. ಗೋಡೆಗೆ 60 ಅಡಿಯ ಎರಡು ಸಾಲು, ಸೂರಿಗೆ 20 ಅಡಿಯ ಮೂರು ಪಟ್ಟಿ, ಒಟ್ಟು 180 ಅಡಿ. 50 ಅಡಿಯ 4 ಸುರುಳಿ ತಂದರೆ ಮೂಲೆಗೆ, ಬಾಗಿಲಿಗೆ, ಜೋಡಣೆಗೆ 20 ಅಡಿ ಉಳಿಯುತ್ತದೆ.

ಹೊರಕ್ಕೆ ಚಾಚಿದ ಆ ಸೆರಗಿನ ಬಗ್ಗೆ ಕೆಲಸದವರು ಮೊದಲು ಒಪ್ಪುವುದಿಲ್ಲ. ‘ಅಡಿಗೆ ಕಾಂಕ್ರೀಟ್ ಹಾಕೋಣ’ ಎನ್ನುತ್ತಾರೆ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ, ಜಾಲರಿ ಸಿಕ್ಕಿದರೆ ಪಕ್ಕಕ್ಕೆ ಸರಿದು ಮತ್ತೆ ಬುಡದಲ್ಲೇ ಕೆರೆಯುತ್ತದೆ, ಒಂದೂವರೆ ಅಡಿ ಹಿಂದೆ ಹೋಗಿ ಶುರುಮಾಡುವುದು ಅಪರೂಪ. ಹುಲ್ಲು ಕೆತ್ತಿ, ನೆಲ ಸಮ ಮಾಡಿ, 6 ಮಿ.ಮೀ. ಕಂಬಿ ಬಗ್ಗಿಸಿದ ಯು ಮೊಳೆಗಳನ್ನು ಒಂದೂವರೆ ಅಡಿಗೊಂದರಂತೆ ಹೊಡೆಯಬೇಕು. ನಾಲ್ಕು ಮೂಲೆಗಳಲ್ಲಿ ಚೌಕಾಕಾರದ ತೆರಪು ಉಳಿಯುತ್ತದೆ. ಅದಕ್ಕೆ 2 ಅಡಿ ಚೌಕದ ತೇಪೆ ಹಾಕಿ ತಂತಿಯಿಂದ ಹೊಲಿಸಿ. ಇದನ್ನು ಕಣ್ಣಾರೆ ನೋಡಿದ ಮೇಲೆಯೇ 2–3 ಇಂಚು ಮಣ್ಣು, ಕಲ್ಲು ಮುಚ್ಚಲು ಬಿಟ್ಟೆ. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ನೋಡಬೇಕು.

ಚೌಕಟ್ಟಿಗೆ ಒಂದೂವರೆ ಇಂಚಿನ ಚೌಕ ಪೈಪು, 2 ಮಿ.ಮೀ. ದಪ್ಪ, ಕಂಬಗಳು 2 ಅಡಿ ಆಳದಲ್ಲಿ ಕಾಂಕ್ರೀಟಿನೊಳಗೆ. ಜೋಡಣೆ ಬೀಳುವ ಎರಡೂವರೆ ಅಡಿ ಎತ್ತರದಲ್ಲಿ ಮಾತ್ರ 2 ಇಂಚು ಮುಖದ ಅಡ್ಡಪೈಪು. ಸೂರಿನಲ್ಲೂ ಹಾಗೆಯೇ, ಪಟ್ಟಿಗಳು ಕೂಡುವಲ್ಲಿ ಕೆಳಗೆ ಪೈಪು ಇರಲೇಬೇಕು. ಗಾಳಿಯಲ್ಲಿ ತೇಲುವ ಜೋಡಣೆ ಬೆಕ್ಕಿನ ಭಾರಕ್ಕೇ ಬಾಯಿ ಬಿಡುತ್ತದೆ.

ಜಾಲರಿಯನ್ನು ಪೈಪಿಗೆ ವೆಲ್ಡ್ ಮಾಡಿಬಿಡುವುದು ಈ ಕೆಲಸದವರ ಅಭ್ಯಾಸ. ಅದನ್ನು ಖಡಾಖಂಡಿತವಾಗಿ ಬೇಡವೆನ್ನಿ. 1 ಮಿ.ಮೀ. ತಂತಿ ಸುಟ್ಟು ತೆಳುವಾಗುತ್ತದೆ, ಸತು ಹಾರಿಹೋಗಿ ತುಕ್ಕು ಅಲ್ಲಿಂದಲೇ ಹತ್ತುತ್ತದೆ, ಆ ಹೊಗೆ ಉಸಿರಾಡಿದವರಿಗೆ ಜ್ವರ ಬರುತ್ತದೆ. ಪೈಪಿನ ಹೊರಮುಖಕ್ಕೆ ಜಾಲರಿ ಎಳೆದು ಕಟ್ಟಿ, 25 ಮಿ.ಮೀ. ವಾಷರ್ ಸಮೇತ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳನ್ನು 6 ಇಂಚಿಗೊಂದರಂತೆ ಹಾಕಬೇಕು. ಹೊರಮುಖಕ್ಕೇ ಯಾಕೆಂದರೆ, ಹೊರಗಿನಿಂದ ತಳ್ಳಿದಷ್ಟೂ ಜಾಲರಿ ಪೈಪಿಗೆ ಒತ್ತಿಕೊಳ್ಳುತ್ತದೆ. ಒಳಗೆ ಕೂರಿಸಿದ್ದರೆ ಆ ತಳ್ಳು ಪೂರ್ತಿ ಸ್ಕ್ರೂ ತಲೆಯ ಮೇಲೆ ಬೀಳುತ್ತದೆ. ಚೌಕಟ್ಟಿನ ವೆಲ್ಡಿಂಗ್ ಕಲೆಗಳಿಗೆ ಜಾಲರಿ ಏರಿಸುವ ಮೊದಲೇ ಸತುವಿನ ಪೇಂಟು.

ನುಗ್ಗುವ ಪ್ರಾಣಿಗೆ ಬಾಗಿಲೇ ಮೊದಲ ಆಸೆ. ಚಿಲಕ ನಡುವೆ ಒಂದೇ ಇದ್ದರೆ ನಾಯಿ ಕೆಳಮೂಲೆಯನ್ನು ಒತ್ತಿ ಬಗ್ಗಿಸುತ್ತದೆ. ಮೇಲೊಂದು, ಕೆಳಗೊಂದು ಹಾಕಿಸಿದೆ. ಎರಡೂ ಎತ್ತಿ ಆಮೇಲೆ ಸರಿಸಬೇಕಾದ ಜಾತಿಯವು, ಕೊಕ್ಕೆ ಚಿಲಕವಲ್ಲ. ಹೊಸ್ತಿಲಿಗೆ ಕಾಂಕ್ರೀಟ್, ಬಾಗಿಲ ಕೆಳಗೆ ಸರಳು ಅಡ್ಡಡ್ಡ ಉರುಳದಷ್ಟೇ ತೆರಪು. ಅಗಲ 3 ಅಡಿ ಇದ್ದರೆ ಗೊಬ್ಬರದ ತಳ್ಳುಗಾಡಿ ಒಳಗೆ ಬರುತ್ತದೆ.

ಮರೆತೇಹೋಗುವ ಎರಡು ಜಾಗಗಳಿವೆ. ಗೂಡಿನ ಗೋಡೆ ಮತ್ತು ಆವರಣ ಸೇರುವ ಸಂದು ಒಂದು. ಗೂಡಿನ ಮೇಲಿನ ಅಲೆಅಲೆಯಾದ ತಗಡಿನ ಅಂಚಿನಲ್ಲಿ ಪ್ರತಿ ಅಲೆಯ ಕೆಳಗೆ ಉಳಿಯುವ ಕಮಾನು ಇನ್ನೊಂದು. ಇಲಿ ಸಲೀಸಾಗಿ ಬರುವ ದಾರಿ ಅದು. ಜಾಲರಿಯ ಪಟ್ಟಿಯನ್ನು ಅಲೆಗೆ ತಕ್ಕಂತೆ ಬಗ್ಗಿಸಿ ತುಂಬಿಸಬೇಕು, ಗಾಳಿಯೂ ಆಡುತ್ತದೆ.

ಕೂಲಿಯನ್ನು ನಾಲ್ಕು ಪಾಲು ಮಾಡಿದ್ದೆ: ಕಂಬ ನಿಂತ ಮೇಲೆ, ಸೆರಗು ಮುಚ್ಚುವ ಮೊದಲು, ಸೂರು ಮುಗಿದಾಗ, ಕೊನೆಯದು ತಪಾಸಣೆ ಆದ ಮೇಲೆ. ತಪಾಸಣೆಗೆ ಒಂದು ಗಂಟೆ ಬೇಕು. ಸರಳಿನ ತುಂಡು ಹಿಡಿದು ಬುಡದ ಸುತ್ತ, ಆಮೇಲೆ ಬಾಗಿಲ ನಾಲ್ಕೂ ಅಂಚು, ಆಮೇಲೆ ಏಣಿ ಹಾಕಿ ಸೂರಿನಂಚು. ತೂರಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಜಾಲರಿಯನ್ನು ಮೊಣಕಾಲಿನಿಂದ ಒತ್ತಿ ನೋಡಬೇಕು, ಸ್ಕ್ರೂ ಅಲುಗಿದರೆ ಅದರ ಪಕ್ಕ ಇನ್ನೊಂದು.

ಕೋಳಿ ಬಿಡುವ ಮುಂಚೆ ಉಳಿಯುವುದು ತಂತಿ ಚೂರು. ಕತ್ತರಿಸುವಾಗ ಚಿಮ್ಮಿದ ಅರ್ಧ ಇಂಚಿನ ತುಂಡುಗಳು ಮಣ್ಣಿನಲ್ಲಿ ಹೊಳೆಯುತ್ತಿರುತ್ತವೆ. ಕೋಳಿ ಹೊಳೆಯುವುದನ್ನು ಕುಕ್ಕದೆ ಬಿಡುವುದಿಲ್ಲ. ಚೂರು ಗಿಜರ್ಡ್‌ನಲ್ಲಿ, ಅಂದರೆ ಕಾಳು ಅರೆಯುವ ಹೊಟ್ಟೆಯ ಭಾಗದಲ್ಲಿ, ಚುಚ್ಚುತ್ತದೆ, ಸತು ಕರಗಿ ವಿಷವೂ ಆಗುತ್ತದೆ. ದೊಡ್ಡ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ದಾರ ಕಟ್ಟಿ, ನೆಲದ ಮೇಲೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆಯಿರಿ. ಚೀಲ ಒಳಮಗ್ಗುಲು ಮಾಡಿದರೆ ಅಂಟಿದ್ದೆಲ್ಲ ಒಳಗೆ ಬರುತ್ತದೆ. ಮಣ್ಣು ಒಮ್ಮೆ ಕೆದಕಿ ಮತ್ತೆ ಎಳೆಯಿರಿ. ಚೀಲ ಖಾಲಿ ಬಂದ ಮೇಲೆ ಕೊನೆಯ ಪಾಲು ಕೊಟ್ಟೆ.