‘ಸಾವಯವ’ ಅಂತ ಚೀಟಿ ಕಟ್ಟುವ ಮೊದಲು

ಕೈತೋಟದ ತರಕಾರಿ ಮನೆ ಖರ್ಚಿಗೆ ಮಿಕ್ಕಿ ಉಳಿಯತೊಡಗಿದಾಗ ಮಾರೋಣ ಅನ್ನಿಸಿತು. ಬೆಳೆಯುವುದು ತಲೆನೋವಾಗಿರಲಿಲ್ಲ. ಕಟ್ಟಿನ ಮೇಲೆ ‘ಸಾವಯವ’ ಅಂತ ಬರೆಯಬಹುದಾ ಅನ್ನುವುದೇ ತಲೆನೋವು. ‘ಸುಮ್ನೆ ಬರಿ, ಯಾರು ಕೇಳ್ತಾರೆ’ ಅಂದವರೇ ಜಾಸ್ತಿ. ಆದರೆ ಎಷ್ಟೋ ದೇಶಗಳಲ್ಲಿ ಆ ಪದಕ್ಕೆ ಕಾನೂನಿನ ಕಾವಲಿದೆ.

ಹಾಗಂತ ಸಣ್ಣ ಬೆಳೆಗಾರರಿಗೆ ಬಾಗಿಲು ಮುಚ್ಚಿಲ್ಲ. ಭಾರತದ 2017ರ ನಿಯಮದಲ್ಲಿ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದೆ, ತಾನು ಬೆಳೆದದ್ದನ್ನು ನೇರವಾಗಿ ತಿನ್ನುವವರಿಗೇ ಮಾರುವವನಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಸರ್ಕಾರದ ಸಾವಯವ ಲೋಗೋ ಮಾತ್ರ ಹಾಕುವಂತಿಲ್ಲ. ಅಮೆರಿಕದಲ್ಲೂ ವರ್ಷಕ್ಕೆ 5,000 ಡಾಲರ್‌ವರೆಗಿನ ಮಾರಾಟಕ್ಕೆ ಇಂಥದ್ದೇ ರಿಯಾಯಿತಿ, ಅಲ್ಲೂ ಸರ್ಕಾರಿ ಮುದ್ರೆ ಹಾಕುವಂತಿಲ್ಲ. ರಿಯಾಯಿತಿ ಇರುವುದು ಕಾಗದಕ್ಕೆ, ಬೆಳೆಯುವ ಕ್ರಮಕ್ಕಲ್ಲ. ಅಮೆರಿಕದ ನಿಯಮದಂತೆ ಕೊಯ್ಲಿಗೆ ಹಿಂದಿನ 3 ವರ್ಷ ಆ ಮಣ್ಣಿಗೆ ನಿಷೇಧಿತ ರಾಸಾಯನಿಕ ಬಿದ್ದಿರಬಾರದು. ಕಳೆದ ವರ್ಷ ಯೂರಿಯಾ ಹಾಕಿ ಈ ವರ್ಷ ನಿಲ್ಲಿಸಿದರೆ ಸಾಲದು.

ಹಾಗಾಗಿ ಚೀಟಿಗಿಂತ ಮೊದಲು ಒಂದು ನೋಟ್‌ಬುಕ್ ಇಟ್ಟೆ. ಯಾವ ಮಡಿಗೆ ಯಾವ ಬೀಜ, ಯಾವ ಗೊಬ್ಬರ, ಏನು ಸಿಂಪಡಿಸಿದೆ, ಯಾವತ್ತು ಕೊಯ್ದೆ, ಅಷ್ಟೇ. ರಸೀದಿಗಳನ್ನು ಅಲ್ಲೇ ಪಿನ್ ಮಾಡಿದೆ. ಬೀಜದ ಪ್ಯಾಕೆಟ್ಟನ್ನೂ ಬಿಸಾಡಲಿಲ್ಲ. ಗುಲಾಬಿ, ಕೆಂಪು ಬಣ್ಣ ಮೆತ್ತಿದ ಬೀಜ ಸಾಮಾನ್ಯವಾಗಿ ಔಷಧ ಲೇಪಿಸಿದ್ದೇ ಆಗಿರುತ್ತದೆ. ಅದು ಪ್ಯಾಕೆಟ್ಟಿನ ಮೇಲೇ ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೆ.

ನನಗೆ ಜಾಸ್ತಿ ಅನುಮಾನ ಇದ್ದದ್ದು ಹೊರಗಿನಿಂದ ತರಿಸುವ ಕೊಟ್ಟಿಗೆ ಗೊಬ್ಬರದ ಮೇಲೆ. ಸಗಣಿ ಅಂದಮೇಲೆ ಸಾವಯವವೇ ಅಲ್ವಾ ಅನ್ನಿಸುತ್ತದೆ. ಆದರೆ ಅಮಿನೋಪೈರಾಲಿಡ್‌ನಂಥ ಕೆಲವು ಕಳೆನಾಶಕಗಳು ಹುಲ್ಲಿನಿಂದ ದನದ ಹೊಟ್ಟೆ ಸೇರಿ, ಸಗಣಿಯಲ್ಲೂ ಉಳಿದು, ಗೊಬ್ಬರ ಕಳಿತ ಮೇಲೂ ಸಾಯುವುದಿಲ್ಲ. ಟೊಮೆಟೊ, ಬೀನ್ಸ್ ಅದಕ್ಕೆ ಬೇಗ ಸೊರಗುತ್ತವೆ. ಅದಕ್ಕೇ ಪ್ರತಿ ಹೊಸ ಲೋಡಿನಿಂದ ಒಂದಿಷ್ಟು ತೆಗೆದು ಮಣ್ಣಿಗೆ ಬೆರೆಸಿ ಕುಂಡದಲ್ಲಿ ಬೀನ್ಸ್ ಹಾಕುತ್ತೇನೆ. ಪಕ್ಕದಲ್ಲಿ ಗೊಬ್ಬರವಿಲ್ಲದ ಇನ್ನೊಂದು ಕುಂಡ. ಮೂರು ನಾಲ್ಕು ಎಲೆ ಬರುವವರೆಗೆ ಕಾಯುತ್ತೇನೆ. ಗೊಬ್ಬರದ ಕುಂಡದಲ್ಲಿ ಮಾತ್ರ ಹೊಸ ಎಲೆ ಬಟ್ಟಲಿನಂತೆ ಮುದುಡಿ, ಸುಳಿ ತಿರುಚಿಕೊಂಡರೆ ಆ ಲೋಡು ತರಕಾರಿ ಮಡಿಗೆ ಹೋಗುವುದಿಲ್ಲ. ಲ್ಯಾಬ್ ಪರೀಕ್ಷೆಯಷ್ಟು ನಿಖರ ಅಲ್ಲ, ಆದರೆ ಖರ್ಚಿಲ್ಲ.

ಚೀಟಿಯಲ್ಲಿ ‘100% ಶುದ್ಧ’, ‘ವಿಷಮುಕ್ತ’ ಅಂತ ನಾನು ಬರೆಯುವುದಿಲ್ಲ. ಅದನ್ನು ಸಾಬೀತು ಮಾಡಲು ಲ್ಯಾಬ್ ವರದಿ ಬೇಕು. ‘ಸಿಂಪಡಣೆ ಇಲ್ಲ’ ಅನ್ನುವುದೂ ನನಗೆ ಒಪ್ಪುವ ಮಾತಲ್ಲ, ಬೇವಿನೆಣ್ಣೆ ಹೊಡೆಯುತ್ತೇನಲ್ಲ! ಸಾವಯವ ಅಂದರೆ ಏನೂ ಹೊಡೆಯದೆ ಬೆಳೆದದ್ದು ಅಂತಲೇ ಜನ ತಿಳಿದಿರುತ್ತಾರೆ. ಗಂಧಕ, ತಾಮ್ರದ ಕೆಲವು ಔಷಧಗಳಿಗೂ ಸಾವಯವದಲ್ಲಿ ಮಿತಿಯೊಳಗೆ ಅನುಮತಿ ಇದೆ ಅಂದರೆ ಹುಬ್ಬೇರಿಸುತ್ತಾರೆ. ಹಾಗಾಗಿ ನನ್ನ ಚೀಟಿ ಹೀಗಿದೆ: ‘ನಮ್ಮ ಕೈತೋಟದ್ದು. ಸಾವಯವ ವಿಧಾನ, ಪ್ರಮಾಣಪತ್ರ ಇಲ್ಲ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ. ಬೇವಿನೆಣ್ಣೆ ಸಿಂಪಡಿಸಿದೆ.’ ಕೆಳಗೆ ಕೊಯ್ದ ದಿನ. ಸೊಪ್ಪಿನ ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ, ಅದಕ್ಕೆ ಪೆನ್ಸಿಲ್‌ನಲ್ಲಿ ಬರೆದು ದಾರದಲ್ಲಿ ಕಟ್ಟುತ್ತೇನೆ.

‘ಪ್ರಮಾಣಪತ್ರ ಇಲ್ಲ’ ಅಂತ ಬರೆದರೆ ಗಿರಾಕಿ ಓಡಿಹೋಗುತ್ತಾರೆ ಅಂತ ಹೆದರಿಸಿದವರಿದ್ದರು. ಆದದ್ದು ಬೇರೆ. ಅದನ್ನು ಓದಿ ಪ್ರಶ್ನೆ ಕೇಳುವವರೇ ಮತ್ತೆ ಬಂದು ಕೊಂಡರು. ಎಲೆಯಲ್ಲಿ ತೂತಿದ್ದರೆ ಅದನ್ನೇ ಗುಣ ಅಂತ ನಾನು ಮಾರುವುದಿಲ್ಲ, ಹುಳ ತಿಂದದ್ದು ಸಾವಯವಕ್ಕೆ ಸಾಕ್ಷಿಯೇನಲ್ಲ. ಬೆಳೆ ಕಡಿಮೆ ಬಂದ ವಾರ ಬೇರೆಯವರಿಂದ ತಂದು ನನ್ನ ಚೀಟಿ ಕಟ್ಟುವುದಿಲ್ಲ, ‘ಈ ವಾರ ಇಲ್ಲ’ ಅಂತ ಹೇಳಿಬಿಡುತ್ತೇನೆ. ಪಕ್ಕದ ಜಮೀನಿನಲ್ಲಿ ಔಷಧ ಹೊಡೆದಾಗ ಗಾಳಿ ಈ ಕಡೆ ಇದ್ದರೆ ಅಂಚಿನ ಸಾಲಿನ ತರಕಾರಿಗೆ ‘ಸಾವಯವ’ ಚೀಟಿ ಇಲ್ಲ.

ಅಂಗಡಿಗೆ ಕೊಡುವುದಾದರೆ ಲೆಕ್ಕ ಬೇರೆ. ಆಗ ಅದು ನೇರ ಮಾರಾಟ ಆಗುವುದಿಲ್ಲ, ಪ್ರಮಾಣಪತ್ರ ಬೇಕೇ ಬೇಕು. ಒಬ್ಬನೇ ಮಾಡಿಸಿದರೆ ಖರ್ಚು ಭಾರ. ಬೆಳೆಗಾರರೇ ಗುಂಪು ಕಟ್ಟಿ ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಪದ್ಧತಿ ನಮ್ಮಂಥವರಿಗೆ ಹೊಂದುತ್ತದೆ. ಸದ್ಯ ಅಕ್ಕಪಕ್ಕದ ಬೆಳೆಗಾರರ ಜೊತೆ ಅದರ ಮಾತುಕತೆ ನಡೆಯುತ್ತಿದೆ.